ನಾಲ್ಕು ಮೂಲೆಯ ಬುತ್ತಿ

ನಾನು ನಿಂತಿದ್ದದ್ದು ಹುಮನಾಬಾದಿನ ಧಾನ್ಯದ ಗಂಜಿನಲ್ಲಿ, ದಲಾಲಿ ನಡೆಸುವ ಒಂದು ಅಡತಿ ಅಂಗಡಿಯ ಒಳಗೆ, ದೊಡ್ಡ ತಕ್ಕಡಿಗೂ ಬಾಗಿಲಿಗೂ ನಡುವೆ. ಬೆನ್ನ ಹಿಂದೆ ತೊಗರಿಯ ಚೀಲಗಳು. ಎಡಗಡೆಯ ಗೋಡೆಯಲ್ಲಿ ಬುತ್ತಿ ತೂಗುಹಾಕುವ ಗೂಟಗಳು. ಹೊತ್ತು ಮಧ್ಯಾಹ್ನ, ಊಟಕ್ಕೆ ಇನ್ನೂ ಯಾರೂ ಎದ್ದಿರಲಿಲ್ಲ. ದೊಡ್ಡ ಲಡಾಯಿ ಶುರುವಾಗುವುದಕ್ಕೆ ಮುಂಚಿನ ಚಳಿಗಾಲ ಅದು. ಅಲ್ಲಿ ನಿಂತು, ನನ್ನ ಸಲುವಾಗಿಯೇ ಕಟ್ಟಿದ ಬುತ್ತಿಯನ್ನು ನಾನು ನನ್ನದಲ್ಲ ಅಂದೆ. ಅದನ್ನು ಮಹಿಬೂಬನ ತಲೆಗೆ ಕಟ್ಟಿದೆ. ಅವನ ಕೆಲಸ ಹೋಯಿತು.

ತಪ್ಪೊಪ್ಪಿಗೆ ಇಷ್ಟೇ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಬುತ್ತಿ ಎಂಥದ್ದಾಗಿತ್ತು ಎಂದು ತಿಳಿಯದೆ ನಾನು ಆಡಿದ ಮಾತು ಎಷ್ಟು ಕೆಟ್ಟದ್ದು ಎಂದು ತಿಳಿಯುವುದಿಲ್ಲ. ಆದ್ದರಿಂದ ನೆನಪಿರುವಷ್ಟನ್ನು, ನೆನಪಿರುವ ಹಾಗೆಯೇ ಬರೆಯುತ್ತೇನೆ. ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಹೇಳುತ್ತೇನೆ.

ನಾನು ಬೇಮಳಖೇಡದ ರೇವಪ್ಪ, ಮಹಿಬೂಬನ ಬಾಯಲ್ಲಿ ರೇವಣ್ಣ. ಹುಮನಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಗಂಜಿನಲ್ಲಿ ಧಾನ್ಯ ತೂಗುವ ಕೆಲಸಕ್ಕೆ ಹೋಗುತ್ತಿದ್ದೆ. ಅತ್ತೆ ದಿನಾ ಕಟ್ಟಿಕೊಡುತ್ತಿದ್ದದ್ದು ಎರಡು ಜೋಳದ ರೊಟ್ಟಿ, ಒಂದಿಷ್ಟು ಖಾರ. ಅವಳನ್ನು ದೂರುವುದಿಲ್ಲ — ಅವಳ ಮಕ್ಕಳೂ ಅದನ್ನೇ ತಿನ್ನುತ್ತಿದ್ದರು. ಎರಡು ವರ್ಷ ಹಾಗೇ ಹೋಯಿತು. ಆಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ತಕ್ಕಡಿಯ ಮುಳ್ಳು ನನಗೆ ಕಾಣಲಿಲ್ಲ. ದೀಪ ಕಾಣುತ್ತಿತ್ತು, ದೀಪದ ಬೆಳಕಿನಲ್ಲಿ ಇದ್ದದ್ದು ಕಾಣುತ್ತಿರಲಿಲ್ಲ. ಬೆಳಗಾದರೆ ಎಲ್ಲ ಮೊದಲಿನ ಹಾಗೆ. ಇರುಳುಗುರುಡು ಎಂದು ನನಗೆ ಗೊತ್ತಾಯಿತು, ಯಾರಿಗೂ ಹೇಳಲಿಲ್ಲ. ಸುಗ್ಗಿಯಲ್ಲಿ ಬಂಡಿಗಳು ಹೊತ್ತು ಮುಳುಗಿದ ಮೇಲೂ ಬರುತ್ತವೆ. ಮುಳ್ಳು ಕಾಣದವನನ್ನು ತಕ್ಕಡಿಯ ಮುಂದೆ ಯಾರು ನಿಲ್ಲಿಸಿಕೊಳ್ಳುತ್ತಾರೆ?

ಅದನ್ನು ಕಂಡುಹಿಡಿದವನು ಮಹಿಬೂಬ. ತೂಗಿದ ಚೀಲದ ಬಾಯನ್ನು ದಬ್ಬಳದಿಂದ ಹೊಲಿಯುವುದು ಅವನ ಕೆಲಸ, ಹಾಗಾಗಿ ಯಾವಾಗಲೂ ನನ್ನ ಪಕ್ಕದಲ್ಲೇ ಇರುತ್ತಿದ್ದ. ಒಂದು ಸಂಜೆ ಅವನು ಹೊಲಿದಿಟ್ಟ ಚೀಲವನ್ನು ಎಡವಿ ನಾನು ಅವನ ಮೇಲೆಯೇ ಬಿದ್ದೆ.

"ಏನೋ ರೇವಣ್ಣಾ, ಹಗಲ ಹೊತ್ತಿನಾಗ ಇರಿವಿ ಸೈತ ಎಣಸ್ತಿ, ಸಂಜಿ ಆದ್ರ ಎಮ್ಮಿ ಕಾಣಂಗಿಲ್ಲೇನು?" ಅಂದ. ನಾನು ನಗಲಿಲ್ಲ. ಅವನೂ ನಗು ನಿಲ್ಲಿಸಿದ. ಅಂದಿನಿಂದ ಸಂಜೆಯಾದರೆ ನನ್ನ ಮೊಣಕೈ ಹತ್ತಿರ ಕೂತು, ಹೊಲಿಯುತ್ತ, ಮುಳ್ಳು ನಡುವೆ ನಿಂತಾಗ ಸಣ್ಣಗೆ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿ ನಾನು ತೂಕ ಕೂಗುತ್ತಿದ್ದೆ. ಒಂದು ದಿನವೂ ತಪ್ಪು ಕೆಮ್ಮಲಿಲ್ಲ.

ಮನೆಯಲ್ಲಿ ತನ್ನ ತಾಯಿ ಚಾಂದಬಿಗೂ ಹೇಳಿದ. ಆಕೆಯನ್ನು ನಾನು ಸರಿಯಾಗಿ ನೋಡಿದ್ದು ಒಂದೋ ಎರಡೋ ಸಲ. ಆದರೆ ಆಕೆಯ ಬುತ್ತಿ ಗಂಜಿಗೆಲ್ಲ ಪರಿಚಯವಿತ್ತು. ಉಳಿದವರ ಬುತ್ತಿ ಒಂದು ಗಂಟು. ಆಕೆಯದು ಅಗಲ ಬಟ್ಟೆ: ನಡುವೆ ರೊಟ್ಟಿ, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಗಂಟು, ಒಂದೊಂದರಲ್ಲಿ ಒಂದೊಂದು ತಿನಿಸು. ಒಂದರಲ್ಲಿ ಹುರಿಗಡಲೆ, ಬೆಲ್ಲ. ಇನ್ನೊಂದರಲ್ಲಿ ಎಳ್ಳಿನ ಉಂಡೆ. ಉಳಿದೆರಡರಲ್ಲಿ ಬಾರಿಹಣ್ಣೋ, ಹಸಿ ಕಡಲೆಕಾಯೋ, ಆ ದಿನ ಹೊಲದ ಕಡೆಯಿಂದ ಏನು ಬಂದಿತ್ತೋ ಅದು. ಬೆಳಿಗ್ಗೆ ಮೈ ಚುರುಕಾಗಲು ಒಂದು ಮೂಲೆ, ಇಳಿಹೊತ್ತಿಗೆ ಕಾಲು ಸೋತಾಗ ಇನ್ನೊಂದು — ಹೀಗೆ ಬಿಚ್ಚಬೇಕು. ನಿನ್ನೆ ಇದ್ದದ್ದು ಇವತ್ತು ಇರುತ್ತಿರಲಿಲ್ಲ. ಹಮಾಲರು ರೇಗಿಸುತ್ತಿದ್ದರು: "ಬಂತು ನೋಡ್ರಪ್ಪ ಮಹಿಬೂಬನ ಬಜಾರ! ಇವತ್ತ ಯಾವ ಮೂಲ್ಯಾಗ ಏನು ಹಚ್ಯಾರ ಕೇಳ್ರಿ!"

ಮಹಿಬೂಬ ಹೇಳುತ್ತಿದ್ದ, "ನಮ್ಮ ಅಮ್ಮಿ ಅಂತಾಳ, ಒಂದ ನಮೂನಿ ತಿಂದ್ರ ಹೊಟ್ಟಿ ತುಂಬತದ, ಮೈ ತುಂಬಂಗಿಲ್ಲ."

ಆಕೆ ನನಗಾಗಿ ಎರಡನೆಯ ಬಟ್ಟೆ ಕಟ್ಟತೊಡಗಿದಳು. ಮೊದಲ ದಿನ ಮಹಿಬೂಬ ಅದನ್ನು ಚೀಲಗಳ ಹಿಂದೆ ಕರೆದು ಕೊಟ್ಟಾಗ ನಾನು ಕೈ ಚಾಚಲಿಲ್ಲ. ಲಿಂಗ ಕಟ್ಟಿಕೊಂಡವನು ನಾನು. ಅವರ ಮನೆಯ ಒಲೆಯದ್ದು... ಅವನಿಗೆ ಅರ್ಥವಾಯಿತು.

"ನಿನ್ನ ಸಲುವಾಗಿ ಬ್ಯಾರೆ ತವಾ ಇಟ್ಟಾಳ, ರೇವಣ್ಣಾ. ಬೂದಿ ಹಚ್ಚಿ ತಿಕ್ಕ್ಯಾಳ. ಅದಕ ತತ್ತಿ ಸೈತ ಮುಟ್ಟಿಸಂಗಿಲ್ಲ. ಆಣಿ ಮಾಡಿ ಹೇಳು ಅಂದಾಳ. ಮಾಡ್ಲಿ ಏನು?"

ನಾನು ತಿಂದೆ. ಒಣಗಿಸಿದ ನುಗ್ಗೆಸೊಪ್ಪು ಬೆರೆಸಿದ ಶೇಂಗಾ ಹಿಂಡಿ, ಕೆಂಪು ಕುಂಬಳ ಹಾಕಿ ತಟ್ಟಿದ ಸಣ್ಣ ಸಿಹಿ ರೊಟ್ಟಿ, ಮೆಂತ್ಯಸೊಪ್ಪಿನ ಕಡುಬು, ಮೊಳಕೆ ಬಂದ ಹೆಸರು. ಯಾವುದರಿಂದ ಎಂದು ನನಗೆ ಗೊತ್ತಿಲ್ಲ, ನಾನು ವೈದ್ಯನಲ್ಲ. ಆದರೆ ದಿನಗಳು ಕಳೆದಂತೆ ದೀಪದ ಸುತ್ತ ಮೊದಲು ಒಂದು ಮಬ್ಬು ಅಂಚು ಕಂಡಿತು, ಆಮೇಲೆ ತಕ್ಕಡಿಯ ಸರಪಳಿ, ಆಮೇಲೆ ಮುಳ್ಳು. ಒಂದು ಸಂಜೆ ಮಹಿಬೂಬ ಕೆಮ್ಮುವ ಮೊದಲೇ ನಾನು ತೂಕ ಕೂಗಿಬಿಟ್ಟೆ. ಅವನು ದಬ್ಬಳ ಕೆಳಗಿಟ್ಟು ನನ್ನ ಬೆನ್ನಿಗೆ ಗುದ್ದಿದ. "ಇನ್ನ ನನ್ನ ಗಂಟಲಿಗಿ ಆರಾಮ," ಅಂದ.

ಈಗ ಗೂಟಗಳ ವಿಷಯ. ಅಂಗಡಿಯೊಳಗಿನ ಗೋಡೆಯ ಗೂಟಗಳು ನಮ್ಮ ಕಡೆಯವರ ಬುತ್ತಿಗೆ. ಮಹಿಬೂಬನಂಥವರ ಬುತ್ತಿ ಹೊರಗೆ ಪಡಸಾಲೆಯ ಗೋಡೆಗೆ. ಯಾರೂ ಇದನ್ನು ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಎಲ್ಲರ ಕೈಗೂ ಗೊತ್ತಿತ್ತು. ನನಗೆ ಅತ್ತೆಯ ಬುತ್ತಿಗೆಂದು ಒಳಗೆ ಒಂದು ಗೂಟ. ಚಾಂದಬಿಯ ಬಟ್ಟೆಯನ್ನು ಚೀಲಗಳ ಹಿಂದೆಯೇ ಬಚ್ಚಿಟ್ಟು, ಅಲ್ಲೇ ತಿಂದು, ಅಲ್ಲೇ ಮಡಚಿ ಅವನಿಗೆ ಕೊಡುತ್ತಿದ್ದೆ.

ಆ ದಿನ ಮಹಿಬೂಬ ಬಟ್ಟೆಯನ್ನು ನನ್ನ ಕೈಗೆ ಕೊಟ್ಟ ಗಳಿಗೆಗೇ ಬಂಡಿಗಳು ಬಂದವು. ಲೆಕ್ಕ ಬರೆಯುವ ಮುನೀಮರು ನನ್ನ ಹೆಸರು ಹಿಡಿದು ಕೂಗಿದರು. ನಾನು ಬಟ್ಟೆ ಹಿಡಿದುಕೊಂಡೇ ಓಡಿಬಂದೆ, ಗೋಡೆಯ ಹತ್ತಿರ ಹಾಯುವಾಗ ಅದನ್ನು ನನ್ನ ಗೂಟಕ್ಕೆ ಸಿಕ್ಕಿಸಿ ತಕ್ಕಡಿಗೆ ಹೋದೆ. ಯೋಚಿಸಿ ಮಾಡಿದ್ದಲ್ಲ. ಅದು ನನ್ನ ಬುತ್ತಿ ಎಂದು ನನ್ನ ಕೈ ತಿಳಿದುಕೊಂಡುಬಿಟ್ಟಿತ್ತು — ನನಗಿಂತ ಮೊದಲೇ. ಆ ದಿನದ ನನ್ನ ನಡೆಗಳಲ್ಲಿ ಪ್ರಾಮಾಣಿಕವಾದದ್ದು ಅದೊಂದೇ.

ನೋಡಿದವನು ಹಮಾಲ ಶರಣಪ್ಪ, ನಮ್ಮೂರಿನವನೇ. ನೀರು ಕುಡಿಯಲು ಒಳಗೆ ಬಂದವನು ಗೋಡೆಯ ಮುಂದೆ ನಿಂತುಬಿಟ್ಟ. "ಇದು ಬಜಾರ ಇಲ್ಲಿಗ್ಯಾಕ ಬಂತು? ನನ್ನ ಬುತ್ತೀಗಿ ತಾಗ್ಯಾದಲ್ರೀ!"

ಮುನೀಮರು ಕನ್ನಡಕ ಏರಿಸಿಕೊಂಡು ಎದ್ದರು. ಉಳಿದ ಹಮಾಲರು ಸೇರಿದರು. ಅಂಗಡಿಯ ಸಾವಕಾರರು ಗಾದಿಯಿಂದಲೇ ಕೇಳಿದರು, "ಯಾರ ಗೂಟ ಅದು?"

"ರೇವಪ್ಪಂದ್ರಿ," ಅಂದ ಶರಣಪ್ಪ.

ಎಲ್ಲರೂ ನನ್ನ ಕಡೆ ತಿರುಗಿದರು. ಸೋದರಮಾವನ ಮನೆ ಕಣ್ಣ ಮುಂದೆ ಬಂತು. ಊರು, ಮಠದ ಪಂಕ್ತಿ, ತಾಯಿಯ ಮುಖ... ಒಂದು ಉಸಿರಿನ ಹೊತ್ತು, ಅಷ್ಟೇ. ಆ ಹೊತ್ತಿನಲ್ಲಿ ಸುಮ್ಮನಿರಲೂ ಬಹುದಿತ್ತು. ನಾನು ಅಂದೆ:

"ನನಗ ಗೊತ್ತಿಲ್ರಿ. ಮಹಿಬೂಬ ಇಟ್ಟಿರಬೇಕು. ನಮ್ಮ ಬುತ್ತಿ ಕೆಡಸಬೇಕಂತ."

ಕೊನೆಯ ಮೂರು ಪದಗಳನ್ನು ಆಡೆಂದು ಯಾರೂ ಕೇಳಿರಲಿಲ್ಲ. ಅವು ಎಲ್ಲಿಂದ ಬಂದವು ಎಂದು ಇಷ್ಟು ವರ್ಷವೂ ಹುಡುಕಿದ್ದೇನೆ. ಸುಳ್ಳನ್ನು ಗಟ್ಟಿ ಮಾಡಲು ಹಾಕಿದ ಮೊಳೆ ಅವು. ನನಗಾಗಿ ಬೇರೆ ತವಾ ಇಟ್ಟಿದ್ದ ಮನೆಯ ಮೇಲೆ ನಾನು ಹೊರಿಸಿದ್ದು, ಕೆಡಿಸಿದರು ಎಂಬ ಮಾತು.

ಮಹಿಬೂಬ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ದಬ್ಬಳ. ಅವನ ಹಿಂದೆ ಪಡಸಾಲೆಯಲ್ಲಿ ಅವನ ಹೆಂಡತಿ ಜೊಹರಾ, ಮೊರದಲ್ಲಿ ತೊಗರಿ ಕೇರುತ್ತಿದ್ದವಳು, ಕೈ ನಿಲ್ಲಿಸಿ ತಲೆ ಎತ್ತಿದ್ದಳು. ಅವನು ನನ್ನನ್ನು ನೋಡಿದ. ಕೋಪದಿಂದ ಎಂದು ಬರೆಯಲು ಆಗುವುದಿಲ್ಲ. ಸಂಜೆಯ ಹೊತ್ತು ನನಗೆ ಮುಳ್ಳು ಕಾಣುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದನಲ್ಲ, ಹಾಗೆ ನೋಡಿದ. ಆಮೇಲೆ ಮುನೀಮರಿಗೆ ಹೇಳಿದ:

"ಹೌದ್ರಿ, ನಂದೇ. ಗದ್ದಲದಾಗ ತಪ್ಪಿತ್ರಿ."

ಸಾವಕಾರರು ನಾಳೆಯಿಂದ ಬರಬೇಡ ಅಂದರು. ಅವನು ಒಳಗೆ ಕಾಲಿಡದೆ, ಬಟ್ಟೆಯನ್ನು ಕೋಲಿನಿಂದ ತೆಗೆದುಕೊಡಿ ಎಂದು ಕೇಳಿದ. ಶರಣಪ್ಪ ಹಾಗೆಯೇ ತೆಗೆದು ಹೊರಗೆ ಹಾಕಿದ. ಒಂದು ಮೂಲೆ ಬಿಚ್ಚಿ ಕುಂಬಳದ ರೊಟ್ಟಿಗಳು ಮಣ್ಣಿಗೆ ಬಿದ್ದವು. ಜೊಹರಾ ಅವನ್ನು ಒಂದೊಂದಾಗಿ ಆರಿಸಿಕೊಂಡಳು. ಇಬ್ಬರೂ ಹೊರಟುಹೋದರು. ಶರಣಪ್ಪ ತನ್ನ ಬುತ್ತಿಯನ್ನು ಎತ್ತಿಗೆ ತಿನ್ನಿಸಿ ಆ ದಿನ ಉಪವಾಸ ದುಡಿದ.

ಆ ಸಂಜೆ ದೀಪ ಹಚ್ಚಿದಾಗ ಮುಳ್ಳು ನನಗೆ ನಿಚ್ಚಳವಾಗಿ ಕಂಡಿತು.

ಅವರು ಹುಮನಾಬಾದ್ ಬಿಟ್ಟು ಕಲ್ಯಾಣಕ್ಕೆ, ಚಾಂದಬಿಯ ಅಣ್ಣನ ಮನೆಗೆ ಹೋದರೆಂದು ಕೇಳಿದೆ. ಸ್ವಲ್ಪ ದಿನಕ್ಕೆ ಕಲ್ಯಾಣದಿಂದ ತೊಗರಿ ತರುವ ಬಂಡಿಯವನೊಬ್ಬ ನನ್ನನ್ನು ಚೀಲಗಳ ಮರೆಗೆ ಕರೆದು, ಅಂಗಿಯೊಳಗಿಂದ ಒಂದು ಗಂಟು ತೆಗೆದ. "ಮುದುಕಿ ಕೊಟ್ಟಾಳ. ಹುರಿದಿದ್ದು, ಒಣಗಿಸಿದ್ದು ಅಷ್ಟೇ ಅದ, ಕೆಡಂಗಿಲ್ಲ, ದಿನಾ ಒಂದೀಟು ತಿನ್ನು ಅಂದಾಳ." ಅದೇ ಬಟ್ಟೆ, ಅದೇ ನಾಲ್ಕು ಮೂಲೆ. ಮಹಿಬೂಬ ತಾಯಿಗೆ ಏನೂ ಹೇಳಿಲ್ಲ ಎಂದುಕೊಂಡೆ. ಹಾಗೆಂದುಕೊಂಡೇ ತಿಂದೆ. ಸುಗ್ಗಿ ಮುಗಿಯುವವರೆಗೂ ಆ ಬಂಡಿ ಬಂದಾಗಲೆಲ್ಲ ಗಂಟು ಬಂತು. ನಮ್ಮಲ್ಲಿ ತಿನಿಸು ಕಟ್ಟಿ ಕಳಿಸಿದ ಬಟ್ಟೆಯನ್ನು ಬರಿದಾಗಿ ತಿರುಗಿ ಕಳಿಸುವುದಿಲ್ಲ. ಒಂದು ಚೂರು ಬೆಲ್ಲವಾದರೂ ಕಟ್ಟುತ್ತಾರೆ. ನಾನು ಪ್ರತಿಸಲವೂ ಬರಿದೇ ಕಳಿಸಿದೆ. ಬೆಲ್ಲ ಕಟ್ಟಿದ್ದರೆ, ತಿಂದವನು ನಾನೇ ಎಂದು ಒಪ್ಪಿದಂತಾಗುತ್ತಿತ್ತಲ್ಲ...

ಹೋದ ವರ್ಷ ಮಹಿಬೂಬ ತೀರಿಕೊಂಡ ಸುದ್ದಿ ಬಂತು. ಅವನು ಇರುವವರೆಗೆ ಹೋಗದವನು ಆಗ ಕಲ್ಯಾಣಕ್ಕೆ ಹೋದೆ. ಜೊಹರಾಬಿ ಹಣ್ಣಾಗಿದ್ದಾಳೆ, ಮಾತು ಮಾತ್ರ ಹರಿತ. ನಾನು ಹೇಳಬೇಕೆಂದು ಹೋದದ್ದನ್ನು ಹೇಳಿದೆ. ಮುಗಿಯುವವರೆಗೂ ಆಕೆ ತಡೆಯಲಿಲ್ಲ.

"ಚಾಂದಬಿ ಅಮ್ಮೀಗಿ ಗೊತ್ತಿರಲಿಲ್ಲ," ಅಂದೆ. "ಗೊತ್ತಿದ್ದರ ಕಳಸ್ತಿರಲಿಲ್ಲ."

"ಏನು ಗೊತ್ತಿರಲಿಲ್ಲ? ಅವತ್ತ ಸಂಜೀನೇ ನಾ ಅಮ್ಮೀಗಿ ಹೇಳಿದ್ನಿ, ರೇವಣ್ಣ ಭಾಯಿ. ಇವರು ಬಾಯಿ ಮುಚಗೊಂಡು ಕುಂತಿದ್ರು, ನನಗ ತಡೀಲಿಲ್ಲ. ಆ ಮಗಾ ಹೀಂಗಂದ, ನೀವು ಅವನ ತವಾ ತಿಕ್ಕಿದ್ದೇ ತಿಕ್ಕಿದ್ದು ಅಂತ ಅಮ್ಮೀಗೇ ಬೈದ್ನಿ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. "ಅವರು ಏನಂದ್ರು?"

"ಅತ್ಲು. ಆಮ್ಯಾಲ, ನಡುವ ಬಿಟ್ಟರ ಆ ಹುಡುಗನ ಕಣ್ಣು ಮತ್ತ ಹೋಗತಾವ ಅಂದ್ಲು. ಸೊಪ್ಪು ಒಣಗಸಾಕ ನನ್ನೇ ಹಚ್ಚಿದ್ಲು! ನಾ ಸಿಟ್ಟಿನಾಗ ಒಂದ ಮೂಲ್ಯಾಗ ಖಾರ ಜಾಸ್ತಿ ಸುರಿದಿದ್ನಿ. ಗೊತ್ತಾತೇನು ನಿಮಗ?"

"ಗೊತ್ತಾಗಿತ್ತು."

"ಆಗಲಿ ಅಂತೇ ಹಾಕಿದ್ದು," ಅಂದಳು. ಎದ್ದು ಹೋಗಿ ನೀರು ತಂದು ನನ್ನ ಮುಂದಿಟ್ಟಳು.

ಕ್ಷಮಿಸಿದ್ದೇನೆ ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತಿಗೂ ಈ ಅಕ್ಷರಗಳನ್ನು ಸಂಜೆಯ ದೀಪದಲ್ಲಿ ಬರೆಯುತ್ತಿದ್ದೇನೆ. ಕಾಣುವ ಒಂದೊಂದು ಸಾಲೂ ಆ ತಾಯಿಯದು. ಎಲ್ಲ ತಿಳಿದೂ ಕಟ್ಟಿ ಕಳಿಸಿದ ಕೈಗೆ ನಾನು ಋಣಿ. ಈ ಋಣವನ್ನು ಇನ್ನು ಯಾರ ಮುಂದೆಯೂ ಮುಚ್ಚಿಡಲಾರೆ.

ಮೊದಲು ಶರಣಪ್ಪನ ಹತ್ತಿರ ಹೋಗಿ ಹೇಳಿದೆ. ಆ ದಿನದಿಂದ ಅವನು ಮಹಿಬೂಬನನ್ನು ಎಲ್ಲೇ ಕಂಡರೂ ಮಾತಾಡಿಸುತ್ತಿರಲಿಲ್ಲ, ಮಹಿಬೂಬ ಸಾಯುವವರೆಗೂ. "ನನ್ನ ಕೈಲೆ ಅವನ ರೊಟ್ಟಿ ಮಣ್ಣಿಗಿ ಹಾಕಿಸಿದೆಲ್ಲೋ, ರೇವಪ್ಪಾ," ಅಂದ.

ನಾನು ಬರೆದದ್ದರಲ್ಲಿ ತಪ್ಪಿದೆ ಅನ್ನಿಸಿದರೆ ಕಂಡವರನ್ನು ಕೇಳಬಹುದು. ಸಾವಕಾರರು ಇಲ್ಲ, ಮುನೀಮರು ಇಲ್ಲ, ಮಹಿಬೂಬನಿಲ್ಲ. ಆ ಮಧ್ಯಾಹ್ನ ಅಲ್ಲಿದ್ದು ಕಂಡವರಲ್ಲಿ ನನ್ನ ಹೊರತು ಇನ್ನೂ ಇರುವವರು ಇಬ್ಬರು: ಬೇಮಳಖೇಡದ ಹಮಾಲ ಶರಣಪ್ಪ ಮತ್ತು ಮಹಿಬೂಬನ ಹೆಂಡತಿ, ಕಲ್ಯಾಣದ ಜೊಹರಾಬಿ.