ಅಮೆರಿಕದ ಕಾರಿನ ರೇಡಿಯೊ

ಸ್ನೇಹಿತರೇ, ಇವತ್ತು ನನ್ನ ರಜೆ ಒಂದು ಬಟನ್ನಿಗೆ ಬಲಿಯಾಯಿತು.

ನಮ್ಮ ಮನೆಯವರು ಮೊನ್ನೆ ಕೊಂಡ ಹಳೇ ಕಾರು ಅಮೆರಿಕದಿಂದ ಇಲ್ಲಿ ಕತಾರಿಗೆ ಬಂದದ್ದು. ಅದರಲ್ಲಿ ಸ್ಯಾಟಲೈಟ್ ರೇಡಿಯೊದ ಬಟನ್ ಇದೆ. ಒತ್ತಿದರೆ ‘ಸಿಗ್ನಲ್ ಹುಡುಕುತ್ತಿದೆ’ ಎಂದು ಬರುತ್ತದೆ, ಅಷ್ಟೇ.

"ನಾವಿರುವ ಅಜೀಜಿಯಾದಲ್ಲಿ ಬಿಲ್ಡಿಂಗ್ ಅಡ್ಡ ಬರ್ತದೆ. ಆಕಾಶ ಪೂರ್ತಿ ಕಾಣುವಲ್ಲಿಗೆ ಹೋಗುವ, ಯಲ್ಲಾ!" ಎಂದು ಹೊರಡಿಸಿದರು. ದೇಶದ ಉತ್ತರ ತುದಿಯ ಅಲ್ ಶಮಾಲ್ ತನಕ ಹೋದೆವು. ಸುತ್ತ ಮರಳು, ಮೇಲೆ ಆಕಾಶ, ನಡುವೆ ಇನ್ನೂ ಹುಡುಕುತ್ತಲೇ ಇರುವ ರೇಡಿಯೊ. ಇವರು ಇಳಿದು ಕಾರಿನ ಮೇಲಿನ ಆಂಟೆನಾವನ್ನು ಕರ್ಚೀಫಿನಿಂದ ಒರೆಸಿದರು. ಅಷ್ಟರಲ್ಲಿ ನಾನು ಕಾರಿನ ಮ್ಯಾನುವಲ್ ತೆರೆದು ಓದಿದೆ.

"ಇದು ಅಮೆರಿಕದ ಕಡೆ ಮಾತ್ರ ಕೇಳುವುದಂತೆ. ಸ್ಯಾಟಲೈಟ್ ಇರುವುದೇ ಅಲ್ಲಿಯ ಮೇಲೆ."

"ಅಲ್ಲಿ ಕಾಣುವ ಚಂದ್ರ ಇಲ್ಲಿ ಕಾಣುವುದಿಲ್ವಾ ಮಾರಾಯ್ತಿ?"

"ಚಂದ್ರ ಹಾಡುವುದಿಲ್ಲ ಮಾರಾಯ್ರೆ. ಖಲಾಸ್, ಮನೆಗೆ ಹೋಗುವ."

ಮುಖ ಸಣ್ಣ ಮಾಡಿಕೊಂಡು ಫೋನನ್ನು ಕಾರಿಗೆ ಜೋಡಿಸಿ ಮಂಗಳೂರಿನ ರೇಡಿಯೊ ಹಾಕಿದರು. ಪಂಪ್‌ವೆಲ್ ಸರ್ಕಲ್‌ನಲ್ಲಿ ಟ್ರಾಫಿಕ್ ಜಾಮ್ ಎಂದು ಯಾರೋ ಹೇಳುತ್ತಿದ್ದರು.

"ಹಾಗಾದ್ರೆ ಆ ಕಡೆ ಹೋಗುವುದು ಬೇಡ," ಎಂದರು ಇವರು, ಒಂದು ನರಪಿಳ್ಳೆಯೂ ಇಲ್ಲದ ಮರುಭೂಮಿಯ ರಸ್ತೆಯಲ್ಲಿ, ಬಹಳ ಗಂಭೀರವಾಗಿ.

ಆ ಅಮೆರಿಕದ ರೇಡಿಯೊವನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಕತಾರಿಗೆ ಬಂದ ಮೇಲೂ ತನ್ನ ಊರಿನ ಸ್ಟೇಷನ್ ಹುಡುಕುತ್ತಿರುವುದು ಅದೊಂದೇ ಅಲ್ಲವಲ್ಲ!