ಕೂತಲ್ಲೇ ಕಾರು ಓಡಿಸುವ ಅನುಸೂಯಮ್ಮ

ಬೆಳಗಿನ ಆರು ಗಂಟೆ. ಹೊಸಕೋಟೆ ಬಳಿಯ ಪಿಲ್ಲಗುಂಪೆಯ ಶೆಡ್ಡೊಂದರ ಹಿಂದಿನ ಕೋಣೆಯಲ್ಲಿ ದೀಪ ಹತ್ತಿಕೊಳ್ಳುತ್ತದೆ. ಅನುಸೂಯಮ್ಮ ಚಪ್ಪಲಿ ಹೊರಗೆ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಸ್ವಿಚ್ಚು ಒತ್ತುತ್ತಾರೆ. ಬೆಂಚಿಗೆ ಸಾಲಾಗಿ ಬಿಗಿದ ಸ್ಟೇರಿಂಗ್‌ಗಳು ಗುಂಯ್ ಎನ್ನುತ್ತವೆ. ಯಾರೂ ಮುಟ್ಟದಿದ್ದರೂ ಒಮ್ಮೆ ಪೂರಾ ಎಡಕ್ಕೆ, ಒಮ್ಮೆ ಪೂರಾ ಬಲಕ್ಕೆ ತಿರುಗಿ, ನಡುವಿಗೆ ಬಂದು ನೆಟ್ಟಗೆ ನಿಲ್ಲುತ್ತವೆ. ಹೊಸಬರು ಕಂಡರೆ ದೆವ್ವ ಹೊಕ್ಕಿದೆಯೆಂದು ಓಡಿಯಾರು. ಅನುಸೂಯಮ್ಮ ಮಾತ್ರ, "ಎದ್ರೇನ್ರಪ್ಪಾ ಎಲ್ರೂವೆ?" ಎಂದು ಕೇಳುತ್ತಾರೆ. ಊಟದ ಬೆಲ್ ಹೊಡೆಯುವವರೆಗೆ ಅವರ ಬಾಯಿಂದ ಬರುವ ಮಾತು ಹೆಚ್ಚುಕಡಿಮೆ ಅದೊಂದೇ.

ಇವು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವರ ಸ್ಟೇರಿಂಗ್‌ಗಳು. ಒಳಗೊಂದು ಮೋಟರ್ ಇದೆ. ಪರದೆಯ ಮೇಲಿನ ಕಾರು ಕಲ್ಲಿನ ಮೇಲೆ ಹತ್ತಿದರೆ ಸ್ಟೇರಿಂಗ್ ಕೈಯಲ್ಲಿ ಅದುರುತ್ತದೆ. ತಿರುವಿನಲ್ಲಿ ಬಿಗಿಯಾಗಿ ಎಳೆಯುತ್ತದೆ, ಟಯರ್ ಜಾರಿದರೆ ಸಡಿಲವಾಗುತ್ತದೆ, ಗೋಡೆಗೆ ಗುದ್ದಿದರೆ ಮೊಣಕೈವರೆಗೂ ಒದೆಯುತ್ತದೆ. ಆ ಎಳೆತ ಸರಿಯಿದೆಯೇ, ಎಲ್ಲಾದರೂ ಕಟಕಟ ಅನ್ನುತ್ತಿದೆಯೇ ಎಂದು ಡಬ್ಬಕ್ಕೆ ತುಂಬುವ ಮುಂಚೆ ಒಂದೊಂದನ್ನೂ ಹಿಡಿದು ಓಡಿಸಿ ನೋಡಬೇಕು. ಎರಡು ವರ್ಷದಿಂದ ಅದು ಬೂದಿಗೆರೆಯ ಈ ಹೆಣ್ಣುಮಗಳ ಕೆಲಸ.

ದಿನಕ್ಕೆ ಸುಮಾರು ನಲವತ್ತು ಸ್ಟೇರಿಂಗ್ ಕೈ ದಾಟುತ್ತವೆ. ಪರದೆಯ ಲೆಕ್ಕದಲ್ಲಿ ಅನುಸೂಯಮ್ಮ ದಿನಕ್ಕೆ ಬೆಂಗಳೂರಿನಿಂದ ಹುಬ್ಬಳ್ಳಿಯಷ್ಟು ದೂರ ಓಡಿಸುತ್ತಾರೆ. ಆದರೆ ಆ ದಾರಿಯಲ್ಲಿ ಒಂದು ಊರಿಲ್ಲ, ಟೀ ಅಂಗಡಿಯಿಲ್ಲ, ಎದುರಿಗೆ ಬರುವ ಲಾರಿಯೂ ಇಲ್ಲ. ಪರೀಕ್ಷೆಗೆಂದೇ ಮಾಡಿದ ರಸ್ತೆ ಅದು, ಅವರೊಬ್ಬರದೇ ಕಾರು. ಗಾಣದ ಎತ್ತಾದರೂ ಮಾಲೀಕನ ಬೈಗುಳ ಕೇಳಿಸಿಕೊಂಡು ಸುತ್ತುತ್ತದೆ. ಇಲ್ಲಿ ಅದೂ ಇಲ್ಲ. ಮೋಟರಿನ ಸಣ್ಣ ಸದ್ದೂ ಕಿವಿಗೆ ಬೀಳಬೇಕಾದ್ದರಿಂದ ಕೋಣೆಯ ಬಾಗಿಲು ಮುಚ್ಚಿರುತ್ತದೆ, ಮೊಬೈಲು ಹೊರಗಿರುತ್ತದೆ.

"ಬೇರೆಯೋರ್ನೂ ಕೂರ್ಸಿ ನೋಡಿದ್ವಿ. ಪರದೆ ನೋಡ್ತಾ ನೋಡ್ತಾ ತಲೆ ಸುತ್ತುತ್ತೆ, ಹೊಟ್ಟೆ ತೊಳಸುತ್ತೆ ಅಂತ ಎದ್ ಬರ್ತಾರೆ. ಅನುಸೂಯಕ್ಕನಿಗೆ ಏನೂ ಆಗಲ್ಲ," ಎನ್ನುತ್ತಾರೆ ಅಲ್ಲಿನ ಮೇಲ್ವಿಚಾರಕಿ ರಮ್ಯ.

ಅನುಸೂಯಮ್ಮನನ್ನು ಕೇಳಿದರೆ ನಗುತ್ತಾರೆ. "ತಲೆ ಸುತ್ತೋದೆಲ್ಲಾ ಮನೇಲೇ ಆಗೋಗಿತ್ತು. ಇಲ್ ಬಂದ್ಮೇಲೆ ಒಸಿ ನಿಂತ್ಕಂತು."

ಆಡಿದ್ದು ನಗುತ್ತಲೇ, ಆದರೆ ಸುಳ್ಳಲ್ಲ. ಗಂಡ ಭೀಮರಾಜ್ ಗೂಡ್ಸ್ ಗಾಡಿ ಓಡಿಸುತ್ತಿದ್ದವರು. ಒಂದು ದಿನ ಟೊಮೇಟೊ ಕ್ರೇಟಿಗೆ ಹಗ್ಗ ಬಿಗಿಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಮಕ್ಕಳಿಲ್ಲದ ಮನೆ. ತಿಥಿ ಮುಗಿದು ನೆಂಟರು ಹೊರಟ ಮೇಲೆ ಅನುಸೂಯಮ್ಮ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಮುದ್ದೆ ತೊಳಸಿ, ಮಿಕ್ಕಿದ್ದನ್ನು ಹಸುವಿಗೆ ಹಾಕುತ್ತಿದ್ದರು. ಕೆಲಸಕ್ಕೆ ಸೇರಿದ್ದು ಆಮೇಲೆ.

ಗಾಡಿ ಉಳಿಯಿತು. ಮನೆಯಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿತು. ಅದನ್ನು ಕೊಳ್ಳುವಾಗ ಮೈದುನ ಮುನಿವೆಂಕಟಪ್ಪ ಅರ್ಧ ಪಾಲು ಹಾಕಿದ್ದರು. ಬ್ಯಾಟರಿ ಸಾಯಬಾರದೆಂದು ಅವರೇ ಭಾನುವಾರ ಬಂದು ಇಂಜಿನ್ ಆನ್ ಮಾಡುತ್ತಿದ್ದರು. ಆ ಸದ್ದಿಗೆ ಅನುಸೂಯಮ್ಮ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದರು.

ಈ ವರ್ಷ ಮುಂಗಾರಿನ ಹೊತ್ತಿಗೆ ಮುನಿವೆಂಕಟಪ್ಪ ಬಾಯಿಬಿಟ್ಟರು. "ಅತ್ತಿಗೆ, ನಿಂತ ಗಾಡಿ ತುಕ್ಕಿಗೇ ಸಮ. ಚಿಂತಾಮಣಿಯೋರೊಬ್ರು ಕೇಳ್ತಾವ್ರೆ. ಕೊಟ್ಬಿಡಾನ."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅವರಿಗೆ ಹಾಲಿನ ಕೆಲಸವೇ ಹೊರಲಾರದಷ್ಟಿದೆ, ಗಾಡಿ ಓಡಿಸಲು ಪುರಸೊತ್ತಿಲ್ಲ. ಆದರೆ ಅನುಸೂಯಮ್ಮ ಒಪ್ಪಲಿಲ್ಲ. "ಅವ್ರ ಶರಟು ಪಂಚೆ ಎಲ್ಲಾ ನೆಂಟ್ರು ಯಾರ್ಗೋ ಕೊಟ್ಬಿಟ್ರು, ಮಂಚಾನೂ ಕೊಟ್ಬಿಟ್ರು. ಗಾಡೀನೂ ಹೋದ್ರೆ ಇಲ್ಲೊಬ್ರು ಇದ್ರು ಅನ್ನಕ್ಕೆ ಏನೈತೆ, ಹೇಳಿ?" ಮೈದುನನಿಗೆ ಅವರು ಕೊಟ್ಟ ಉತ್ತರ ಒಂದೇ: "ನಾನೇ ಓಡಿಸ್ತೀನಿ." ಮುನಿವೆಂಕಟಪ್ಪ ತಲೆ ಕೆರೆದುಕೊಂಡು ಗಡುವು ಕೊಟ್ಟರು. ಆಯುಧಪೂಜೆಯೊಳಗೆ ಲೈಸೆನ್ಸ್ ಬಂದರೆ ಗಾಡಿ ಅತ್ತಿಗೆಯದು, ಇಲ್ಲದಿದ್ದರೆ ಚಿಂತಾಮಣಿಯವರದು.

ಊರವರಿಗೆ ತಮಾಷೆಯೋ ತಮಾಷೆ. ಕಂಪನಿ ವ್ಯಾನಿಗೆ ಕಾಯುವ ಕಟ್ಟೆಯ ಮೇಲೆ ಕೂತವರು, "ಏನಕ್ಕಾ, ನಿನ್ನೆ ಎಲ್ಲೀಗಂಟ ಹೋಗಿದ್ದೆ? ಡೀಸೆಲ್ ಎಷ್ಟಾಯ್ತು?" ಎಂದು ಕಾಲೆಳೆಯುತ್ತಾರೆ. ಅನುಸೂಯಮ್ಮನೂ ಬಿಡುವವರಲ್ಲ. "ನಿಮ್ಮಪ್ಪ ಹೋಗ್ದಿರೋ ಊರಿಗೆ ಹೋಗ್ಬಂದೆ ಕಣ್ಲಾ!"

ಡ್ರೈವಿಂಗ್ ಸ್ಕೂಲಿನ ವೆಂಕಟರಮಣಪ್ಪ ಬಸ್ ಓಡಿಸಿ ನಿವೃತ್ತರಾದವರು. ಮೊದಲ ದಿನವೇ ಈಕೆ ಸ್ಟೇರಿಂಗ್ ಹಿಡಿದ ರೀತಿ ನೋಡಿ, ಎಲ್ಲೋ ಓಡಿಸಿ ಪಳಗಿದ ಕೈ ಎಂದುಕೊಂಡರಂತೆ. ಆ ಕೈಯೇ ಮುಳುವಾಯಿತು ನೋಡಿ. ಕೋಣೆಯ ಸ್ಟೇರಿಂಗನ್ನು ತಿರುಗಿಸಿ ಕೈಬಿಟ್ಟರೆ ಮೋಟರು ಅದನ್ನು ತಾನಾಗಿ ನಡುವಿಗೆ ತಂದು ನಿಲ್ಲಿಸುತ್ತದೆ. ನಲವತ್ತು ಸಲವೂ ಹಾಗೆ ಕೈಬಿಟ್ಟು ನೋಡುವುದು ಅನುಸೂಯಮ್ಮನ ಕೆಲಸದ ಭಾಗ. ಲೈಸೆನ್ಸಿನ ಮೊದಲ ಪರೀಕ್ಷೆಗೆ ಆರ್‌ಟಿಒ ಟ್ರ್ಯಾಕಿನಲ್ಲಿ ಎಂಟರ ಆಕಾರ ಬರೆಯುವಾಗಲೂ ತಿರುವು ಮುಗಿಯುತ್ತಲೇ ಠಾಕುಠೀಕಾಗಿ ಕೈಬಿಟ್ಟರು. ಸ್ಕೂಲಿನ ಕಾರಿನ ಪವರ್ ಸ್ಟೇರಿಂಗು ಆಮೆ ವೇಗದಲ್ಲಿ ಎಲ್ಲಿ ತಾನಾಗಿ ಹಿಂದಕ್ಕೆ ಬಂದೀತು? ಕಾರು ತಿರುಗಿದ್ದು ತಿರುಗಿದಂತೆಯೇ ಹೋಗಿ ಕಂಬಕ್ಕೆ ಮುತ್ತಿಟ್ಟಿತು. ಫೇಲು.

"ಅದು ತಾನಾಗೇ ಬರಲ್ಲ ಕಣಮ್ಮಾ, ನೀವೇ ಕರ್ಕೊಂಡ್ ಬರ್ಬೇಕು," ಎಂದು ವೆಂಕಟರಮಣಪ್ಪ ಹಣೆ ಚಚ್ಚಿಕೊಂಡರು.

ಎರಡನೇ ಸಲ ಎಂಟು ಸರಿಯಾಗಿಯೇ ಬಂತು. ಆದರೆ ಇಂಡಿಕೇಟರ್ ಹಾಕಲಿಲ್ಲ, ಕನ್ನಡಿಯತ್ತ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಮತ್ತೆ ಫೇಲು. ಯಾಕಮ್ಮ ಎಂದರೆ ಅನುಸೂಯಮ್ಮ ತಲೆತಗ್ಗಿಸಿ ಹೇಳಿದ್ದಿಷ್ಟು: "ನನ್ ರಸ್ತೇಲಿ ಹಿಂದೆ ಯಾರೂ ಬರಲ್ಲ ಸಾರ್. ಯಾರಿಗಂತ ಹಾಕ್ಲಿ?" ಇನ್ಸ್‌ಪೆಕ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾದ ವೆಂಕಟರಮಣಪ್ಪ ವಾಪಸು ಬರುವಾಗ ದಾರಿಯುದ್ದಕ್ಕೂ ಒಂದು ಮಾತೂ ಬೈಯಲಿಲ್ಲ. ಸೂಲಿಬೆಲೆ ರಸ್ತೆಯಲ್ಲಿ ನಿಲ್ಲಿಸಿ ಟೀ ಕೊಡಿಸಿದರು. ಮಾರನೆಯ ದಿನದಿಂದ ಅವರು ಪಕ್ಕದಲ್ಲಿ ಕೂತು, "ಹಿಂದೆ ಲಾರಿ ಬಂತು... ಹಾಲಿನೋನು ಬಂದ... ಸ್ಕೂಲ್ ಮಕ್ಳು ಬಂದ್ರು," ಎಂದು ಒಬ್ಬೊಬ್ಬರನ್ನೂ ಹೆಸರಿಸತೊಡಗಿದರು. ಅನುಸೂಯಮ್ಮ ಕನ್ನಡಿ ನೋಡುವುದನ್ನು ಕಲಿತದ್ದು ಹಾಗೆ. ಸಂಜೆಯ ಆ ಒಂದು ಗಂಟೆಯ ಪಾಠದಲ್ಲಿ ಅವರಿಬ್ಬರೂ ಮಳೆ, ಬೆಳೆ, ಸೊಪ್ಪಿನ ರೇಟು, ವೆಂಕಟರಮಣಪ್ಪನ ಮಂಡಿನೋವು ಎಲ್ಲವನ್ನೂ ಮಾತಾಡಿದರು.

ಆಯುಧಪೂಜೆಗೆ ವಾರವಿದ್ದಾಗ ಮೂರನೇ ಪರೀಕ್ಷೆ. ಮೂರಕ್ಕೆ ಮುಕ್ತಾಯ ಎನ್ನುತ್ತಾರಲ್ಲ, ಅದು ಗೆದ್ದು ಮುಗಿಯುವುದೋ ಸೋತು ಮುಗಿಯುವುದೋ ಗಾದೆ ಕಟ್ಟಿದವರೇ ಹೇಳಿಲ್ಲ. ಚಿಂತಾಮಣಿಯವರು ಅಷ್ಟರಲ್ಲಿ ಬಂದು ಟಯರು ಒದ್ದು ನೋಡಿಹೋಗಿದ್ದರು. ಅನುಸೂಯಮ್ಮ ಸೆರಗು ಸಿಕ್ಕಿಸಿ ಸೀಟಿಗೆ ಹತ್ತಿದರು. ಪ್ರತಿ ತಿರುವಿನಲ್ಲೂ ಸ್ಟೇರಿಂಗನ್ನು ಕೈಹಿಡಿದು ಹಿಂದಕ್ಕೆ ಕರೆತಂದರು. ಯಾರೂ ಬಾರದ ಟ್ರ್ಯಾಕಿನಲ್ಲೂ ಇಂಡಿಕೇಟರ್ ಹಾಕಿದರು, ಕನ್ನಡಿ ನೋಡಿದರು. "ಆಯ್ತು, ಇಳೀರಿ," ಎಂದರು ಇನ್ಸ್‌ಪೆಕ್ಟರ್. ಪಾಸೋ ಫೇಲೋ ತಿಳಿಯದೆ ಈಕೆ ಇಳಿದು ನಿಂತೇ ಇದ್ದರು. ದೂರದಿಂದ ವೆಂಕಟರಮಣಪ್ಪ ಎರಡೂ ಕೈ ಎತ್ತಿದ ಮೇಲೆ ಕಣ್ಣೀರು ಒತ್ತರಿಸಿ ಬಂತು.

ಮುನಿವೆಂಕಟಪ್ಪ ಮಾತು ತಪ್ಪಲಿಲ್ಲ. ಚಿಂತಾಮಣಿಯವರಿಗೆ ಅಂದೇ ಫೋನು ಮಾಡಿ, "ಗಾಡಿ ಕೊಡಲ್ಲ, ನಮ್ಮತ್ತಿಗೆ ಓಡಿಸ್ತಾರೆ," ಎಂದರು. ಆ ದನಿಯಲ್ಲಿ ಹೆಮ್ಮೆಯಿದ್ದದ್ದು ಫೋನಿನ ಆಚೆಯವರಿಗೂ ಗೊತ್ತಾಗಿರಬೇಕು.

ಈಗ ವಾರದಲ್ಲಿ ಆರು ದಿನ ಅನುಸೂಯಮ್ಮ ಮುಚ್ಚಿದ ಬಾಗಿಲಿನ ಹಿಂದೆ ಊರಿಲ್ಲದ ರಸ್ತೆಯಲ್ಲಿ ಓಡಿಸುತ್ತಾರೆ. ಭಾನುವಾರ ಮಾತ್ರ ನಸುಕಿನಲ್ಲೇ ದಂಟು, ಮೆಂತ್ಯ, ಕೊತ್ತಂಬರಿ ತುಂಬಿಕೊಂಡು ನಿಜವಾದ ರಸ್ತೆಯಲ್ಲಿ ಹೊಸಕೋಟೆ ಮಾರ್ಕೆಟ್ಟಿಗೆ ಹೊರಡುತ್ತಾರೆ. ಹಳೆಯ ಗಾಡಿ, ಪವರ್ ಸ್ಟೇರಿಂಗ್ ಇಲ್ಲ. ಗುಂಡಿಗೆ ಇಳಿದರೆ ರಸ್ತೆಯ ಒದೆತ ನೇರವಾಗಿ ಕೈಗೇ ಬರುತ್ತದೆ. "ಇಪ್ಪತ್ ವರ್ಷ ಇಷ್ಟ್ ಗಟ್ಟಿ ಸ್ಟೇರಿಂಗ್ ತಿರುಗ್ಸಿ ಬಂದು, ಭುಜ ನೋಯ್ತೈತೆ ಅಂತ ಒಂದಿನಾನೂ ಅನ್ನಲಿಲ್ಲ ಪುಣ್ಯಾತ್ಮ. ಓಡಿಸಿದ್ಮೇಲೇ ನಂಗೆ ಗೊತ್ತಾಗಿದ್ದು," ಎನ್ನುತ್ತಾ ಅವರು ಸೆರಗಿನಿಂದ ಸ್ಟೇರಿಂಗ್ ಒರೆಸುತ್ತಾರೆ.

ಇನ್ನೇನು ಆಸೆ ಉಳಿದಿದೆ ಎಂದರೆ, ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿ, ಹಿಂಬಾಗಿಲ ಕೊಂಡಿ ಹಾಕಿ ಬಂದು, ಸೀಟಿಗೆ ಹತ್ತಿ ಕೂತ ಮೇಲೆ ಹೇಳುತ್ತಾರೆ.

"ಕಲಿಯೋವಾಗ ಎಲ್ ಬೋರ್ಡ್ ಇರುತ್ತಲ್ಲ, ಅದಿರೋಗಂಟ ಪಕ್ಕದಲ್ಲಿ ಒಬ್ರು ಕೂರ್ಲೇಬೇಕು ಅಂತ ರೂಲ್ಸು. ಈಗ ಪಾಸಾದ್ನಲ್ಲ, ಪಕ್ಕದಲ್ಲಿ ಕೂರೋರೂ ಇಲ್ಲ, ಮಾತಾಡ್ಸೋರೂ ಇಲ್ಲ. ಪಾಸಾಗಿದ್ದು ಖುಷೀನೇ, ಇಲ್ಲ ಅನ್ನಲ್ಲ. ಆದ್ರೂ ಒಂದೊಂದ್ ಸಲ ಅನ್ಸುತ್ತೆ, ಆ ಬೋರ್ಡು ಇನ್ನೊಂದಷ್ಟು ದಿನ ಇದ್ದಿದ್ರೆ ಚೆನ್ನಾಗಿರೋದು ಅಂತ."