ಕಾಫಿ ಕಣದಲ್ಲಿ ಸೊಸೆಯ ಪಾಠ

ಶ್ವೇತ ಹುಟ್ಟಿ ಬೆಳೆದದ್ದು ಶನಿವಾರಸಂತೆಯಲ್ಲಿ. ಅವಳ ಅಪ್ಪ ಸಂತೆಯ ದಿನ ಸುತ್ತಲಿನ ಹಳ್ಳಿಗಳಿಂದ ಜನರನ್ನೂ ಮೂಟೆಗಳನ್ನೂ ಒಟ್ಟಿಗೇ ಜೀಪಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಹದಿನೆಂಟು ತುಂಬಿದ ವಾರವೇ ಅವಳು ಆ ಜೀಪಿನ ಸ್ಟೇರಿಂಗ್ ಹಿಡಿದಳು. ಮದುವೆಯಾಗಿ ಚೇರಂಬಾಣೆ ಕಡೆಗೆ ಬಂದ ಮೇಲೆ ಮಡಿಕೇರಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸಕ್ಕೆ ಸೇರಿದಳು. ನಾಲ್ಕು ವರ್ಷಗಳಲ್ಲಿ ಎಷ್ಟೋ ಹೆಂಗಸರು ಅವಳಿಂದ ಕಲಿತು ಲೈಸೆನ್ಸ್ ತೆಗೆದುಕೊಂಡರು. "ಆ ಮೇಡಂ ಬೈಯೋದಿಲ್ಲ" ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿ ಕಳಿಸುತ್ತಿದ್ದರು.

ಗಂಡ ವಸಂತ ಅರಣ್ಯ ಇಲಾಖೆಯಲ್ಲಿ, ತೋಟಕ್ಕೆ ನುಗ್ಗಿದ ಆನೆಗಳನ್ನು ಕಾಡಿಗೆ ಅಟ್ಟುವ ತಂಡದಲ್ಲಿದ್ದ. ಮನೆಯಲ್ಲಿ ಅತ್ತೆ ದಮಯಂತಿ, ಮಾವ ದೇರಪ್ಪ. ಅವರ ಮನೆಮಾತು ಅರೆಭಾಷೆ. ಶ್ವೇತಳಿಗೆ ಮೊದಮೊದಲು ಅದು ಕಿವಿಗೆ ಹತ್ತಿರವಿದ್ದೂ ಅರ್ಥವಾಗದ ಕನ್ನಡ. ಅತ್ತೆ "ಒಲೆ ಮೇಲೆ ಗಂಜಿ ಉಟ್ಟು" ಎಂದಾಗ, ಇದೆ ಅನ್ನುವುದಕ್ಕೆ ಇಲ್ಲಿ ಉಟ್ಟು ಅನ್ನುತ್ತಾರೆ ಎಂದು ತಿಳಿಯಲು ಅವಳಿಗೆ ಎರಡು ದಿನ ಹಿಡಿದಿತ್ತು.

ಬಸುರಿನ ಮೊದಲ ಮೂರು ತಿಂಗಳು ಅವಳನ್ನು ಹಿಂಡಿಹಾಕಿದ್ದು ಪೆಟ್ರೋಲಿನ ವಾಸನೆ. ಕಾರಿನ ಬಾಗಿಲು ತೆಗೆದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಪಾಠದ ನಡುವೆ ಕಾರು ಪಕ್ಕಕ್ಕೆ ಹಾಕಿಸಿ, ಮೋರಿಯ ಅಂಚಿನಲ್ಲಿ ಕೂತು ವಾಂತಿ ಮಾಡಿ, ಬಾಯಿ ತೊಳೆದು ಬಂದು "ಹ್ಞಾಂ, ಇಂಡಿಕೇಟರ್ ಹಾಕಿ" ಅನ್ನುತ್ತಿದ್ದಳು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಎದ್ದಾಗ ಏನೋ ಬೇರೆ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಅದು ಹಸಿವು. ಮೂರು ಅಕ್ಕಿರೊಟ್ಟಿ ತಿಂದು, ನಾಲ್ಕನೆಯದಕ್ಕೆ ಕೈ ನೀಡಿದಳು. ದಮಯಂತಿ ಹೆಂಚಿನ ಮೇಲೆ ಇನ್ನೊಂದು ಹಾಕಿದರು.

ನಾಲ್ಕನೇ ತಿಂಗಳಿನಿಂದ ಮೈ ದಿನಕ್ಕೊಂದು ಹೊಸ ಸುದ್ದಿ ಹೇಳತೊಡಗಿತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ನೆಗಡಿಯಿಲ್ಲದೆಯೂ ಮೂಗು ಕಟ್ಟಿ, ಅವಳು ಹೇಳಿದ್ದನ್ನು ಕಲಿಯುವವರು ಎರಡು ಸಲ ಕೇಳಬೇಕಾಗುತ್ತಿತ್ತು. ಹೊಕ್ಕುಳಿನ ಕೆಳಗೆ ಸ್ಕೇಲಿಟ್ಟು ಎಳೆದಂತೆ ಒಂದು ಕಪ್ಪು ಗೆರೆ ಮೂಡಿತು. ಚೂಡಿದಾರದ ಸೊಂಟ ಬಿಗಿಯಾಗಿ ಲಾಡಿ ಬಿಟ್ಟು ಎಲಾಸ್ಟಿಕ್ ಹಾಕಿಸಿಕೊಂಡಳು. ಕಲಿಸುವ ಕಾರಿನಲ್ಲಿ ಎಡಗಡೆ ಸೀಟಿಗೂ ಕ್ಲಚ್, ಬ್ರೇಕ್ ಇರುತ್ತವೆ. ಹೊಟ್ಟೆಗೆ ಜಾಗ ಮಾಡಲು ಸೀಟು ಹಿಂದೆ ತಳ್ಳಿದರೆ ಕಾಲು ಬ್ರೇಕಿಗೆ ಎಟಕದು. ಬೆಲ್ಟಿನ ಪಟ್ಟಿ ಹೊಟ್ಟೆಯ ಮೇಲೆ ಬರದಂತೆ ಕೆಳಗೆ, ತೊಡೆಯ ಸಂದಿಗೆ ಇಳಿಸಿ ಕಟ್ಟುವುದನ್ನು ರೂಢಿ ಮಾಡಿಕೊಂಡಳು. ನಸುಕಿನಲ್ಲಿ ಕಾಲಿನ ಮೀನಖಂಡ ಸೆಟೆದುಕೊಂಡು ಅವಳು ನರಳಿದರೆ, ವಸಂತ ಮನೆಯಲ್ಲಿದ್ದ ದಿನ ಎದ್ದು ಕಾಲ್ಬೆರಳು ಹಿಂದಕ್ಕೆ ಮಡಿಸಿ ಹಿಡಿಯುತ್ತಿದ್ದ. ಅವನಿಲ್ಲದ ದಿನ ಗೋಡೆಗೆ ಪಾದ ಒತ್ತಿ ನಿಲ್ಲುತ್ತಿದ್ದಳು.

ಐದನೇ ತಿಂಗಳ ಸ್ಕ್ಯಾನಿಂಗಿಗೆ ಹೋದಾಗ ತುಲಾ ಸಂಕ್ರಮಣಕ್ಕೆ ಎರಡು ದಿನವಿತ್ತು. ಕಾವೇರಿ ತೀರ್ಥಕ್ಕೆಂದು ಭಾಗಮಂಡಲದ ಕಡೆ ಹೋಗುವ ಬಸ್ಸುಗಳಿಗೆ ದಾರಿ ಬಿಡುತ್ತಾ, ಮನೆಯ ಹಳೆಯ ಮಾರುತಿ ಕಾರನ್ನು ತಾನೇ ಓಡಿಸಿಕೊಂಡು ಶ್ವೇತ ಅತ್ತೆಯೊಂದಿಗೆ ಮಡಿಕೇರಿ ತಲುಪಿದಳು. ಡಾಕ್ಟರ್ ಕಾತ್ಯಾಯನಿ ರಿಪೋರ್ಟು ನೋಡಿದರು.

"ಮಗು ಚೆನ್ನಾಗಿದೆ. ಮಾಸು, ಅಂದ್ರೆ ಪ್ಲಾಸೆಂಟಾ, ಮಾತ್ರ ಸ್ವಲ್ಪ ಕೆಳಗಿದೆ, ಗರ್ಭಕೋಶದ ಬಾಯಿಯ ಹತ್ತಿರ. ಗರ್ಭಕೋಶ ಬೆಳೀತಾ ಹೋದ ಹಾಗೆ ಹೆಚ್ಚಿನವರಿಗೆ ಅದು ಮೇಲೆ ಹೋಗುತ್ತೆ. ಹೆದರಬೇಕಾಗಿಲ್ಲ. ಆದ್ರೆ ಭಾರ ಎತ್ತಬೇಡಿ, ದಿನವಿಡೀ ಕಾರಿನಲ್ಲಿ ಕುಲುಕಾಡೋ ಕೆಲಸ ಸದ್ಯಕ್ಕೆ ಬೇಡ. ಒಂದು ತೊಟ್ಟು ರಕ್ತ ಕಂಡ್ರೂ ತಡ ಮಾಡದೆ ಇಲ್ಲಿಗೆ ಬರಬೇಕು. ಮನೇಲಿ ಗಾಡಿ ಓಡಿಸೋರು ಯಾರಿದ್ದಾರೆ?"

"ನಾನೇ ಓಡಿಸ್ತೀನಿ ಡಾಕ್ಟ್ರೇ."

ಕಾತ್ಯಾಯನಿ ಕನ್ನಡಕ ತೆಗೆದು ಅವಳನ್ನು ನೋಡಿದರು. "ಶ್ವೇತ, ನಿಮ್ಮನ್ನ ಕರ್ಕೊಂಡು ಬರೋರು ಯಾರು ಅಂತ ನಾನು ಕೇಳಿದ್ದು."

ಶ್ವೇತ ಅತ್ತೆಯ ಕಡೆ ತಿರುಗಿದಳು. ದಮಯಂತಿ, ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡನ್ನು ಮಡಿಲಲ್ಲಿ ತೆರೆದು ನೋಡುತ್ತಿದ್ದರು.

ಆ ಸಂಜೆ ಮನೆಯಲ್ಲಿ ಅದೇ ಮಾತು. ವಸಂತನಿಗೆ ಯಾವಾಗ ಕರೆ ಬರುತ್ತದೆಂದು ಅವನಿಗೇ ಗೊತ್ತಿರುವುದಿಲ್ಲ. ಆನೆ ಹಿಂದೆ ಹೋದರೆ ಫೋನೂ ಸಿಗದು. ದೇರಪ್ಪ ಕಣ್ಣಿನ ತೊಂದರೆಯಿಂದ ಎರಡು ವರ್ಷದ ಹಿಂದೆಯೇ ಕಾರು ಬಿಟ್ಟಿದ್ದರು. ಆಂಬುಲೆನ್ಸು ಮಡಿಕೇರಿಯಿಂದ ಇಪ್ಪತ್ತೈದು ಕಿಲೋಮೀಟರ್ ಬಂದು, ಮತ್ತೆ ಅಷ್ಟೇ ದೂರ ಹೋಗಬೇಕು. ಆಟೋದವರು ಇರುವುದು ಚೇರಂಬಾಣೆ ಪೇಟೆಯಲ್ಲಿ. ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು ಅನ್ನುವ ಸಂಕಟ ಒಂದು ಕಡೆ, ಈ ಲೆಕ್ಕ ಇನ್ನೊಂದು ಕಡೆ. ಶ್ವೇತ ತಟ್ಟೆಯ ಅನ್ನ ಕಲೆಸುತ್ತಲೇ ಇದ್ದಳು.

"ನಾ ಕಲ್ತರೆ ಹೆಂಗೆ?" ಅಂದರು ದಮಯಂತಿ.

ದಮಯಂತಿಗೆ ಐವತ್ತಾರು. ಸೈಕಲ್ಲೂ ತುಳಿದವರಲ್ಲ. ದೇರಪ್ಪ ಸಾರು ಬಡಿಸಿಕೊಳ್ಳುತ್ತಾ, "ಈ ಪ್ರಾಯಲಿ ಎಂಥ ಡ್ರೈವಿಂಗ್?" ಅಂದರು.

"ಪಲ್ಪರ್ ಎಂಜಿನ್ ಸ್ಟಾರ್ಟ್ ಮಾಡದು ಯಾರ್ ಈ ಮನೆಲಿ?"

ಅದು ನಿಜ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಕೈಕೊಟ್ಟರೆ ಸರಿಮಾಡುವುದು ಅವರೇ. ಶಬ್ದ ಕೇಳಿಯೇ ಬೆಲ್ಟು ಸಡಿಲವಾಗಿದೆ ಎಂದು ಹೇಳಬಲ್ಲವರು. ಶ್ವೇತ ತಲೆಯೆತ್ತಿ ಅತ್ತೆಯ ಕೈ ನೋಡಿದಳು. ಗಟ್ಟಿ ಕೈ, ನಡುಗದ ಕೈ. "ನಾಳೆಯಿಂದ ಶುರು ಮಾಡೋಣ ಅತ್ತೆ" ಅಂದಳು.

ಡ್ರೈವಿಂಗ್ ಸ್ಕೂಲಿನ ಮಾಲೀಕ ಕುಟ್ಟಪ್ಪನವರಿಗೆ ಫೋನ್ ಮಾಡಿ ರಜೆ ಹೇಳಿದಳು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಎಲ್‌ಎಲ್‌ಆರ್ ಅನ್ನುವ ಕಲಿಕೆಯ ಲೈಸೆನ್ಸನ್ನು ದಮಯಂತಿಗೆ ಮಾಡಿಸುವ ಹೊಣೆ ತಾವೇ ಹೊತ್ತರು. "ರೋಡಿಗೆ ಇಳಿಸೋ ಕಾಲಕ್ಕೆ ಹೇಳು, ನಾನೇ ನಮ್ಮ ಕಾರು ತಗೊಂಡು ಬರ್ತೇನೆ. ನೀನು ಮಾತ್ರ ಒಳಗೆ ಕೂರಬೇಡ" ಅಂದರು.

ಹೀಗೆ ಪಾಠ ಕಾಫಿ ಒಣಗಿಸುವ ಕಣದಲ್ಲಿ ನಡೆಯಿತು. ಮನೆ ಮುಂದಿನ ಅಗಲವಾದ ಸಿಮೆಂಟ್ ನೆಲ. ಹಣ್ಣು ಕುಯ್ಯಲು ಶುರುವಾಗುವವರೆಗೆ ಅದು ಖಾಲಿ. ಒಂದು ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಬೆನ್ನಿಗೊಂದು ದಿಂಬು, ಕಾಲಿಗೊಂದು ಮಣೆ. ಅಲ್ಲಿ ಕೂತು ಶ್ವೇತ ಕಲಿಸಿದಳು. ಮೊದಲ ಎರಡು ದಿನ ಎಂಜಿನ್ ಹಚ್ಚಲೇ ಇಲ್ಲ. ಕಣ್ಣುಮುಚ್ಚಿ ಗೇರ್ ಬದಲಿಸುವುದು, ಕ್ಲಚ್ ಒತ್ತುವುದು, ಬಿಡುವುದು, ಅಷ್ಟೇ. ಮೂರನೇ ದಿನ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ದೇರಪ್ಪ ಜಗಲಿಯಿಂದ ಎದ್ದು ಹೂವಿನ ಕುಂಡಗಳನ್ನೆಲ್ಲ ಒಳಗಿಟ್ಟು ಬಂದರು.

"ಕಾಲಿನಲ್ಲಿ ಅಳತೆ ನೋಡ್ಬೇಡಿ ಅತ್ತೆ. ಎಂಜಿನ್ ಶಬ್ದ ಕೇಳಿ. ಸ್ವಲ್ಪ ಗುಡುಗಿದ ಹಾಗೆ ಆಗುತ್ತಲ್ಲ, ಅಲ್ಲೇ ಕಾಲು ನಿಲ್ಸಿ."

ಆ ಮಾತು ದಮಯಂತಿಗೆ ಹಿಡಿಸಿತು. ಶಬ್ದ ಅವರಿಗೆ ಗೊತ್ತಿದ್ದ ಭಾಷೆ. ಒಂದು ವಾರದಲ್ಲಿ ಕಣದ ಸುತ್ತ ಎರಡನೇ ಗೇರಿನಲ್ಲಿ ತಿರುಗಿದರು. ಹಿಂದೆ ತೆಗೆಯುವುದು ಮಾತ್ರ ಕಷ್ಟವಾಯಿತು. ಕುತ್ತಿಗೆ ತಿರುಗಿಸಿದರೆ ಕೈಯೂ ಅದೇ ಕಡೆ ತಿರುಗುತ್ತಿತ್ತು.

ಬೆಳಿಗ್ಗೆ ಪಾಠ, ಮಧ್ಯಾಹ್ನ ಬೇರೆ ಕೆಲಸ. ದಮಯಂತಿ ಹಳೆಯ ಹತ್ತಿ ಸೀರೆಗಳನ್ನು ಬಿಸಿನೀರಿನಲ್ಲಿ ಕುದಿಸಿ, ಬಿಸಿಲಿಗೆ ಹಾಕಿ, ಮಗುವಿನ ಬಟ್ಟೆಯ ಅಳತೆಗೆ ಹರಿದರು. ಶ್ವೇತ ಅಂಚು ಮಡಿಸಿ ಹೊಲಿದಳು. ಕಬ್ಬಿಣದ ಮಾತ್ರೆ ಊಟವಾದ ಮೇಲೆ, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಎರಡನ್ನೂ ಒಟ್ಟಿಗೆ ನುಂಗಬಾರದೆಂದು ಡಾಕ್ಟರ್ ಹೇಳಿದ್ದನ್ನು ದಮಯಂತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ಹಿಗ್ಗಿದ ಹೊಟ್ಟೆ ತುರಿಸಿದರೆ ಶ್ವೇತ ಕೆರೆಯದೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಮಲಗುವಾಗ ಎಡಮಗ್ಗುಲು, ಮೊಣಕಾಲ ನಡುವೆ ದಿಂಬು.

ಒಂದೇ ಒಂದು ಕೊರತೆ ಅವಳನ್ನು ಕೊರೆಯುತ್ತಿತ್ತು. ಮಗು ಮಿಸುಕಿದ್ದು ಇನ್ನೂ ತಿಳಿದಿರಲಿಲ್ಲ. ಚೊಚ್ಚಲಿನವರಿಗೆ ತಡವಾಗುತ್ತದೆ ಎಂದು ಡಾಕ್ಟರ್ ಹೇಳಿದ್ದರೂ, ಸಂಜೆ ಎಲ್ಲರೂ ಟಿ.ವಿ. ಮುಂದಿದ್ದಾಗ ಅವಳು ಕೋಣೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದಳು.

ಬಸುರಿನ ಇಪ್ಪತ್ತೆರಡನೇ ವಾರದ ಒಂದು ಬೆಳಿಗ್ಗೆ ದಮಯಂತಿ ಎರಡು ಕಲ್ಲುಗಳ ನಡುವೆ ಕಾರು ಹಿಂದೆ ತೆಗೆಯುತ್ತಿದ್ದರು. "ಬಲಕ್ಕೆ ಅತ್ತೆ, ಬಲಕ್ಕೆ... ಸಾಕು" ಅನ್ನುತ್ತಿದ್ದ ಶ್ವೇತ ಮಾತು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡಳು. ಒಳಗೆ, ಎಡಗಡೆ, ಸಣ್ಣ ಮೀನು ತಿರುಗಿದ ಹಾಗೆ. ಕನ್ನಡಿಯಲ್ಲಿ ಅದನ್ನು ಕಂಡ ದಮಯಂತಿ ಕ್ಲಚ್ ಬಿಟ್ಟೇಬಿಟ್ಟರು. ಕಾರು ಎಗರಿ ನಿಂತಿತು. ಬಾಗಿಲು ತೆರೆದಿಟ್ಟೇ ಓಡಿ ಬಂದರು.

"ಎಂಥ ಆತ್? ನೋವು ಉಟ್ಟಾ?"

"ನೋವಲ್ಲ ಅತ್ತೆ." ಅವಳಿಗೆ ಅಳುವೋ ನಗುವೋ ತಿಳಿಯಲಿಲ್ಲ. "ತಿರುಗ್ತು. ಈಗಷ್ಟೇ."

ದಮಯಂತಿ ಅವಳ ಪಕ್ಕದಲ್ಲಿ ಸಿಮೆಂಟಿನ ಮೇಲೆಯೇ ಕೂತರು. ಹೊರಗಿನಿಂದ ಕೈಗೆ ತಿಳಿಯಲು ಇನ್ನೂ ದಿನ ಬೇಕಿತ್ತು. ಆದರೂ ಇಬ್ಬರೂ ಅಂಗೈ ಒಂದರ ಪಕ್ಕ ಒಂದಿಟ್ಟುಕೊಂಡು ಬಹಳ ಹೊತ್ತು ಕೂತರು. ಆವತ್ತು ಪಾಠ ಮುಂದುವರಿಯಲಿಲ್ಲ.

ನವೆಂಬರಿನಲ್ಲಿ ಕುಟ್ಟಪ್ಪ ತಮ್ಮ ಕಾರು ತಂದು ದಮಯಂತಿಯನ್ನು ರಸ್ತೆಗೆ ಕರೆದೊಯ್ದರು. ತಿರುವಿನಲ್ಲಿ ಹಾರ್ನ್, ಬಸ್ಸು ಎದುರಾದರೆ ಎಲ್ಲಿ ನಿಲ್ಲಬೇಕು, ಏರಿನಲ್ಲಿ ನಿಂತ ಕಾರನ್ನು ಹಿಂದೆ ಜಾರದಂತೆ ಹೇಗೆ ಎತ್ತಬೇಕು. ಶ್ವೇತ ಗೇಟಿನ ಬಳಿ ನಿಂತು ಕಾಯುವಳು. ಟೆಸ್ಟಿನ ದಿನ ದಮಯಂತಿ ಮದುವೆಗೆ ಉಡುವ ಸೀರೆ ಉಟ್ಟು ಹೋದರು. ಮಧ್ಯಾಹ್ನ ಬಂದು, ಚಪ್ಪಲಿ ಬಿಡುತ್ತಾ, "ಪಾಸ್" ಅಂದರು; ನೇರ ಹಂದಿಗೂಡಿನ ಕಡೆ ಮೇವು ಹಾಕಲು ಹೋದರು.

ಡಿಸೆಂಬರಿನ ಮೊದಲ ವಾರ, ಬಸುರಿನ ಇಪ್ಪತ್ತೇಳನೇ ವಾರ. ಅರೇಬಿಕಾ ಹಣ್ಣು ಕುಯ್ಯಲು ಶುರುವಾಗಿ ಕಣದ ಅರ್ಧ ಕಾಫಿ ಹರಡಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಬಚ್ಚಲಿಗೆ ಹೋದ ಶ್ವೇತ ಬಟ್ಟೆಯಲ್ಲಿ ರಕ್ತ ಕಂಡಳು. ಹೆಚ್ಚೇನಲ್ಲ, ರೂಪಾಯಿ ಬಿಲ್ಲೆಯಷ್ಟು. ನೋವಿಲ್ಲ. ಅಲ್ಲಿಂದಲೇ ಅತ್ತೆಯನ್ನು ಕರೆದಳು.

ದಮಯಂತಿ ನೋಡಿದರು. ಮುಖ ಬಿಳಿಚಿತು, ದನಿ ಬದಲಾಗಲಿಲ್ಲ. "ಬಾ, ಹೋಕು" ಅಂದರು. ಹೊರಡಬೇಕು ಅನ್ನುವುದಕ್ಕೆ ಅಷ್ಟೇ ಮಾತು. ಮೊದಲೇ ಕಟ್ಟಿಟ್ಟಿದ್ದ ಚೀಲ, ತಾಯಿ ಕಾರ್ಡು, ನೀರಿನ ಬಾಟಲಿ. ವಸಂತನ ಫೋನು ಸಿಗಲಿಲ್ಲ. ಡಾಕ್ಟರಿಗೆ ತಿಳಿಸುವ ಕೆಲಸ ದೇರಪ್ಪನವರದಾಯಿತು.

ಶ್ವೇತ ಹಿಂದಿನ ಸೀಟಿನಲ್ಲಿ ಎಡಮಗ್ಗುಲಾಗಿ ಮಲಗಿದಳು. ಅಲ್ಲಿಂದ ರಸ್ತೆ ಕಾಣದು. ಕಿಟಕಿಯಲ್ಲಿ ಸಿಲ್ವರ್ ಓಕ್ ಮರಗಳ ತುದಿ, ಒಂದಷ್ಟು ಆಕಾಶ. ಕಲಿಸುವವಳ ಕಿವಿ ಮಾತ್ರ ಎಚ್ಚರವಾಗಿತ್ತು. ಎರಡನೇ ಗೇರು. ಮೂರನೆಯದು. ಇಲ್ಲಿ ತಿರುವು, ಎರಡಕ್ಕೆ ಇಳಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅತ್ತೆ ಇಳಿಸಿದ್ದರು. ಹಾರ್ನ್. ಗುಂಡಿ ಬಂದರೆ ಕಾರು ನಿಂತ ಹಾಗೆಯೇ ನಿಧಾನವಾಗಿ, ಒಂದೊಂದೇ ಚಕ್ರ ಇಳಿಸಿ ಹತ್ತಿಸುತ್ತಿದ್ದರು. ಬೆಟ್ಟಗೇರಿ ದಾಟಿದ ಮೇಲೆ ಏರಿನ ನಡುವೆ ಕಾರು ನಿಂತಿತು. ಎದುರಿಗೆ ಮರ ತುಂಬಿದ ಲಾರಿಯೊಂದು ತಿರುವಿನಲ್ಲಿ ಸಿಕ್ಕಿತ್ತು. ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದರು.

ಹ್ಯಾಂಡ್‌ಬ್ರೇಕ್ ಎನ್ನಲು ಶ್ವೇತಳ ಬಾಯಿ ತೆರೆಯಿತು. ಕರ್ರೆಂದು ಅದನ್ನು ಎಳೆದ ಸದ್ದು ಅಷ್ಟರಲ್ಲಿ ಕೇಳಿಸಿತು. ಬಾಯಿ ಮುಚ್ಚಿಕೊಂಡಳು.

"ಮಗು ತಿರುಗುತುಟ್ಟಾ?" ದಮಯಂತಿ ಮುಂದೆ ನೋಡುತ್ತಲೇ ಕೇಳಿದರು.

"ಹ್ಞೂಂ ಅತ್ತೆ. ಒದೀತಾನೇ ಇದೆ."

"ಒದಿಲಿ."

ಲಾರಿ ಸರಿಯಿತು. ಎಂಜಿನ್ ಸ್ವಲ್ಪ ಗುಡುಗಿತು, ಕಾರು ಒಂದಂಗುಲವೂ ಹಿಂದೆ ಜಾರದೆ ಮೇಲೆದ್ದಿತು. ಮಡಿಕೇರಿ ತಲುಪುವಾಗ ಹೊರಟು ಒಂದು ಗಂಟೆ ಹತ್ತು ನಿಮಿಷ ಆಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಶ್ವೇತಳನ್ನು ಗಾಲಿಕುರ್ಚಿಗೆ ಕೂರಿಸಿದ ಮೇಲೆ ದಮಯಂತಿ ಕಾರು ಪಕ್ಕಕ್ಕೆ ಹಾಕಲು ಆಗದೆ ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟರು.

ಮೂರು ದಿನ ಅಲ್ಲೇ ಇರಿಸಿಕೊಂಡರು. ರಕ್ತ ಮೊದಲ ದಿನವೇ ನಿಂತಿತ್ತು. ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ಕೇಳಿಸಿದಾಗ ವಸಂತನೂ ಇದ್ದ, ಕಾಡಿನ ಬೂಟಿನಲ್ಲೇ ಬಂದಿದ್ದ. ಹೊಸ ಸ್ಕ್ಯಾನಿಂಗಿನಲ್ಲಿ ಮಾಸು ಮೊದಲಿಗಿಂತ ಮೇಲಕ್ಕೆ ಸರಿದಿತ್ತು. "ಇನ್ನೂ ಸರಿಯುತ್ತೆ. ಬೇಗ ಬಂದದ್ದು ಒಳ್ಳೇದಾಯ್ತು" ಅಂದರು ಕಾತ್ಯಾಯನಿ. "ಯಾರು ಕರ್ಕೊಂಡು ಬಂದ್ರು?"

ದಮಯಂತಿ ಸೆರಗು ಸರಿಮಾಡಿಕೊಂಡರು.

ಜನವರಿಯ ಕೊನೆಯ ಸ್ಕ್ಯಾನಿಂಗ್ ಹೊತ್ತಿಗೆ ಮಾಸು ಪೂರ್ತಿ ಮೇಲಿತ್ತು. ಫೆಬ್ರವರಿ ಕೊನೆಯಲ್ಲಿ ನೋವು ಶುರುವಾದ ದಿನ ವಸಂತನಿಗೆ ರಜೆ. ಕಾರು ಅವನೇ ಓಡಿಸಿದ. ದಮಯಂತಿ ಹಿಂದೆ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಪ್ಪಂಗಳದವರೆಗೆ ತಡೆದುಕೊಂಡವರು ಆಮೇಲೆ ಹೇಳಿಯೇಬಿಟ್ಟರು: "ಗೇರ್ ಇಳ್ಸು ಮಗ, ಎಂಜಿನ್ ನರಳ್ತಾ ಉಟ್ಟು."

ನೋವಿನ ನಡುವೆಯೂ ಶ್ವೇತ ನಕ್ಕಳು. ಅತ್ತೆ ಹೇಳಿದ್ದು ಸರಿಯಾಗಿತ್ತು. ವಸಂತ ಗೇರ್ ಇಳಿಸಿದ. ಆ ಸಂಜೆ ಐದೂವರೆಗೆ ಹೆಣ್ಣುಮಗು ಹುಟ್ಟಿತು, ಎರಡು ಕಿಲೋ ಒಂಬೈನೂರು ಗ್ರಾಂ.